ಒತ್ತಿದ್ದು ಕೀ, ತಲುಪಿದ್ದು ಬರೀ ಅಕ್ಷರ

ಕನ್ಸೋಲ್ ಪ್ರೋಗ್ರಾಂ ಅಂದರೆ ಕೀಬೋರ್ಡ್ ಮಾತ್ರ, ಮೌಸ್ ಬೇಕಿದ್ದರೆ ವಿಂಡೋ, ಬಟನ್ನು ಇರುವ ಅಪ್ಲಿಕೇಶನ್ ಬರೆಯಿರಿ. ಕಾಲೇಜಿನ ಲ್ಯಾಬಿನಲ್ಲಿ ಮೊದಲ ಸಲ ಸಿ ಭಾಷೆ ಕಲಿಯುವವರಿಗೆ ಹೀಗೇ ಹೇಳಿಕೊಡುತ್ತಾರೆ. ವರ್ಷಗಟ್ಟಲೆ ಟರ್ಮಿನಲ್ ಮುಂದೆ ಕೂತವರೂ ಇದನ್ನೇ ಹೇಳುತ್ತಾರೆ. ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಅಂಟಿಕೊಂಡು ಬರುತ್ತದೆ: ಯುನಿಕ್ಸ್‌ನವರು ಇನ್‌ಪುಟ್ಟನ್ನು ಬೈಟುಗಳ ಹರಿವಾಗಿ ಕಂಡದ್ದೇ ಸರಿಯಾದ ದಾರಿ, ಮೈಕ್ರೋಸಾಫ್ಟ್ ತನ್ನ ಕನ್ಸೋಲ್‌ನಲ್ಲಿ ಒತ್ತಿದ ಒಂದೊಂದು ಕೀಗೂ ಮೌಸಿನ ಒಂದೊಂದು ಚಲನೆಗೂ ಪ್ರತ್ಯೇಕ ದಾಖಲೆ ಮಾಡಿಟ್ಟದ್ದು ಬೇಡದ ಭಾರ. ಈ ಎರಡು ನಂಬಿಕೆಗಳೂ ತಪ್ಪು ಎಂಬುದು ನನ್ನ ವಾದ. ತಪ್ಪಿನ ಬೇರು ಎರಡಕ್ಕೂ ಒಂದೇ. ಕೀಬೋರ್ಡ್ ಅಕ್ಷರಗಳನ್ನು ಕಳಿಸುವ ಯಂತ್ರ ಎಂದು ಒಪ್ಪಿಕೊಂಡುಬಿಟ್ಟರೆ ಮೌಸಿಗೆ ಅಲ್ಲಿ ಜಾಗವೇ ಇರುವುದಿಲ್ಲ, ಏಕೆಂದರೆ ಮೌಸಿಗೆ ಅಕ್ಷರವಿಲ್ಲ. ಕೀಬೋರ್ಡ್ ಕೂಡ ಅಕ್ಷರ ಕಳಿಸುವುದಿಲ್ಲ, ‘ಈ ಕೀ ಕೆಳಗೆ ಹೋಯಿತು, ಈ ಕೀ ಮೇಲೆ ಬಂತು’ ಎಂಬ ಸುದ್ದಿ ಕಳಿಸುತ್ತದೆ. ಇಷ್ಟನ್ನು ಒಪ್ಪಿದರೆ ಎರಡೂ ಒಂದೇ ಸರತಿ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ.

ಮೌಸ್ ಚಿತ್ರಗಳ ಜಗತ್ತಿಗೆ ಸೇರಿದ್ದು ಎಂಬ ಮಾತನ್ನು ಮೊದಲು ನೋಡೋಣ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಜನರ ಮುಂದೆ ಮೌಸ್ ಹಿಡಿದು ತೋರಿಸಿದ್ದು ಪಠ್ಯ ತಿದ್ದುವ ಕೆಲಸವನ್ನು. ಪದಗಳನ್ನು ಸರಿಸಿದರು, ಮನೆಗೆ ತರಬೇಕಾದ ಸಾಮಾನಿನ ಪಟ್ಟಿಯನ್ನು ಹಿಂದುಮುಂದು ಮಾಡಿದರು, ಒಂದು ಸಾಲಿನ ಒಳಗೆ ಇನ್ನಷ್ಟು ಸಾಲುಗಳನ್ನು ಅಡಗಿಸಿಟ್ಟು ತೆರೆದರು. ಮೌಸ್ ಹುಟ್ಟಿದ್ದು ಅಕ್ಷರಗಳ ನಡುವೆ. ಯುನಿಕ್ಸ್ ಬೆಳೆದ ಬೆಲ್ ಲ್ಯಾಬ್ಸ್‌ನಲ್ಲೇ ರಾಬ್ ಪೈಕ್ ಬರೆದ ಆಕ್ಮಿ ಎಂಬ ಎಡಿಟರ್ ಮೂರು ಬಟನ್ನಿನ ಮೌಸ್ ಇಲ್ಲದೆ ಹೆಜ್ಜೆ ಇಡುವುದಿಲ್ಲ. ಎಡ ಬಟನ್ ಹಿಡಿದೇ ಮಧ್ಯದ್ದನ್ನು ಒತ್ತಿದರೆ ಪಠ್ಯ ಕಟ್ ಆಗುತ್ತದೆ, ಬಲದ್ದನ್ನು ಒತ್ತಿದರೆ ಪೇಸ್ಟ್ ಆಗುತ್ತದೆ. ಅದರಲ್ಲಿ ಚಿತ್ರವಿಲ್ಲ, ಐಕಾನ್ ಇಲ್ಲ, ಇರುವುದೆಲ್ಲ ಅಕ್ಷರ. ಯುನಿಕ್ಸ್ ಸಂಸ್ಕೃತಿಯ ಹೆಸರಿನಲ್ಲಿ ಮೌಸಿಗೆ ಮೂಗು ಮುರಿಯುವವರು ಆ ಸಂಸ್ಕೃತಿಯನ್ನು ಕಟ್ಟಿದವರಲ್ಲೇ ಒಬ್ಬರು ಮೌಸನ್ನು ಎಷ್ಟು ನೆಚ್ಚಿಕೊಂಡಿದ್ದರು ಎಂಬುದನ್ನು ಒಮ್ಮೆ ನೋಡಬೇಕು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರ್ನಾಟಕದ ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳಲ್ಲಿ ಒಂದೆರಡು ತಲೆಮಾರು ಸಿ ಕಲಿತದ್ದು ಟರ್ಬೋ ಸಿ++ನ ನೀಲಿ ಪರದೆಯ ಮೇಲೆ. ಅದು 80 ಕಾಲಂ, 25 ಸಾಲಿನ ಶುದ್ಧ ಅಕ್ಷರದ ಪರದೆ. ಮೌಸ್ ಸರಿಸಿದರೆ ಒಂದು ಅಕ್ಷರದಷ್ಟಗಲದ ಚೌಕ ಪರದೆಯ ಮೇಲೆ ಓಡಾಡುತ್ತಿತ್ತು. ಫೈಲ್ ಮೆನು ಕ್ಲಿಕ್ಕಿಸಿದರೆ ತೆರೆಯುತ್ತಿತ್ತು, ಕಿಟಕಿಯ ಮೂಲೆ ಹಿಡಿದು ಎಳೆದರೆ ದೊಡ್ಡದಾಗುತ್ತಿತ್ತು. ಬೋರ್ಲ್ಯಾಂಡ್ ಕಂಪನಿ 1990ರಲ್ಲಿ ಹೊರತಂದ ಟರ್ಬೋ ವಿಷನ್ ಎಂಬ ಲೈಬ್ರರಿ ಇಂಥ ಪರದೆಗಳಿಗಾಗಿಯೇ ಇದ್ದದ್ದು. ಅದರಲ್ಲಿ ಕೀ ಒತ್ತಿದ್ದೂ ಮೌಸ್ ಒತ್ತಿದ್ದೂ ಒಂದೇ ಬಗೆಯ ಇವೆಂಟ್ ಆಗಿ ಒಂದೇ ಫಂಕ್ಷನ್ನಿಗೆ ಬರುತ್ತಿದ್ದವು. ಅಂಥ ಪರದೆಯ ಒಳಗೇ ಕೂತು ನಾವು ಕಲಿತದ್ದು ಸ್ಕ್ಯಾನ್‌ಎಫ್ ಒಂದನ್ನು, ಕೊನೆಯಲ್ಲಿ ಔಟ್‌ಪುಟ್ ಮಾಯವಾಗದಿರಲಿ ಎಂದು ಗೆಟ್‌ಚ್ ಒಂದನ್ನು. ಡಾಸ್‌ನಲ್ಲಿ ಮೌಸ್ ಓದಲು ಬೇಕಿದ್ದದ್ದು 33 ಹೆಕ್ಸ್ ಎಂಬ ಒಂದು ಇಂಟರಪ್ಟ್. ಎಎಕ್ಸ್ ರಿಜಿಸ್ಟರಿನಲ್ಲಿ 3 ಇಟ್ಟು ಕರೆದರೆ ಬಟನ್ನುಗಳ ಸ್ಥಿತಿ ಬಿಎಕ್ಸ್‌ನಲ್ಲಿ, ಅಡ್ಡ ಅಳತೆ ಸಿಎಕ್ಸ್‌ನಲ್ಲಿ, ಉದ್ದ ಅಳತೆ ಡಿಎಕ್ಸ್‌ನಲ್ಲಿ ಸಿಗುತ್ತಿತ್ತು. 8ರಿಂದ ಭಾಗಿಸಿದರೆ ಕಾಲಂ, ಸಾಲು ಕೈಗೆ ಬಂತು. ಹತ್ತು ಸಾಲಿನ ಕೋಡು. ಕಲಿಸಲಾಗದಷ್ಟು ಕಷ್ಟದ್ದೇನೂ ಆಗಿರಲಿಲ್ಲ. ಕನ್ಸೋಲ್‌ನಲ್ಲಿ ಮೌಸ್ ಇರುವುದಿಲ್ಲ ಎಂಬ ನಂಬಿಕೆಯೇ ಅಡ್ಡ ನಿಂತಿತು.

ಈಗ ದೊಡ್ಡ ನಂಬಿಕೆಗೆ ಬರುತ್ತೇನೆ, ಬೈಟುಗಳ ಹರಿವಿನ ಹಿರಿಮೆಗೆ. ಅದರ ಮೂಲ 1963ರ ಟೆಲಿಟೈಪ್ ಮಾಡೆಲ್ 33. ಸೆಕೆಂಡಿಗೆ ಹತ್ತು ಅಕ್ಷರ ಕಳಿಸುತ್ತಿದ್ದ, ಕಾಗದದ ಮೇಲೆ ಕುಟ್ಟಿ ಅಚ್ಚು ಮಾಡುತ್ತಿದ್ದ ಯಂತ್ರ ಅದು. ಅದರ ಕೀಬೋರ್ಡ್ ನಿಜಕ್ಕೂ ಅಕ್ಷರಗಳನ್ನೇ ಕಳಿಸುತ್ತಿತ್ತು. ಕಂಟ್ರೋಲ್ ಕೀ ಒತ್ತಿಹಿಡಿದು ಇನ್ನೊಂದು ಒತ್ತಿದರೆ ಆ ಅಕ್ಷರದ ಸಂಖ್ಯೆಯ ಮೇಲಿನ ಬಿಟ್‌ಗಳು ಅಳಿಸಿಹೋಗುತ್ತಿದ್ದವು, ಅಷ್ಟೆ. ಆ ಲೆಕ್ಕ ಇವತ್ತಿನ ಟರ್ಮಿನಲ್‌ನಲ್ಲಿ ಹಾಗೇ ಉಳಿದುಕೊಂಡಿದೆ. ಕಂಟ್ರೋಲ್ ಜೊತೆ ಐ ಒತ್ತಿದರೆ ಹೋಗುವುದು 9, ಟ್ಯಾಬ್ ಒತ್ತಿದರೂ 9. ಕಂಟ್ರೋಲ್ ಜೊತೆ ಎಂ ಒತ್ತಿದರೆ 13, ಎಂಟರ್ ಒತ್ತಿದರೂ 13. ಕಂಟ್ರೋಲ್ ಜೊತೆ ಎಡ ಚೌಕ ಆವರಣ ಒತ್ತಿದರೆ 27, ಎಸ್ಕೇಪ್ ಕೀಯೂ 27. ಶಿಫ್ಟ್ ಜೊತೆ ಎಂಟರ್ ಒತ್ತಿದ್ದಕ್ಕೂ ಬರೀ ಎಂಟರ್ ಒತ್ತಿದ್ದಕ್ಕೂ ವ್ಯತ್ಯಾಸವೇ ಇಲ್ಲ. ಮನುಷ್ಯ ಬೇರೆ ಬೇರೆ ಕೀ ಒತ್ತಿದ್ದಾನೆ, ಪ್ರೋಗ್ರಾಮಿಗೆ ಒಂದೇ ಬೈಟು ತಲುಪಿದೆ. ಕಳೆದುಹೋದದ್ದನ್ನು ಆ ಬೈಟಿನಿಂದ ಮತ್ತೆ ಹೊರತೆಗೆಯಲು ಯಾವ ಜಾಣ ಕೋಡಿಗೂ ಸಾಧ್ಯವಿಲ್ಲ.

27ರ ಸಂಕಟ ಇಲ್ಲಿಗೆ ನಿಲ್ಲುವುದಿಲ್ಲ. 1978ರಲ್ಲಿ ಡೆಕ್ ಕಂಪನಿಯ ವಿಟಿ100 ಟರ್ಮಿನಲ್ ಬಂತು. ಅದರ ಮೇಲುಬಾಣದ ಕೀ ಒತ್ತಿದರೆ ಮೂರು ಬೈಟು ಹೊರಡುತ್ತದೆ: 27, ಎಡ ಚೌಕ ಆವರಣ, ದೊಡ್ಡ ಎ. ಇವತ್ತಿಗೂ ಇದೇ ರೂಢಿ. ಹಾಗಾದರೆ ಪ್ರೋಗ್ರಾಮಿಗೆ ಒಂದು 27 ಬಂದಾಗ ಅದೇನು? ಬಳಕೆದಾರ ಎಸ್ಕೇಪ್ ಒತ್ತಿದನೋ, ಬಾಣದ ಕೀಯ ಮೊದಲ ಮೂರನೇ ಒಂದು ಭಾಗ ಬಂದಿದೆಯೋ? ಹರಿವಿನಲ್ಲಿ ಉತ್ತರವಿಲ್ಲ. ಆದ್ದರಿಂದ ಪ್ರೋಗ್ರಾಂ ಕಾಯುತ್ತದೆ. ಇನ್ನೊಂದು ಬೈಟು ಸ್ವಲ್ಪದರಲ್ಲೇ ಬಂದರೆ ಬಾಣ, ಬಾರದಿದ್ದರೆ ಎಸ್ಕೇಪ್. ಎನ್‌ಕರ್ಸಸ್ ಲೈಬ್ರರಿಯಲ್ಲಿ ಹೀಗೆ ಕಾಯುವ ಅವಧಿ, ಯಾರೂ ಬದಲಿಸದಿದ್ದರೆ, 1000 ಮಿಲಿಸೆಕೆಂಡು. ಪೂರ್ತಿ ಒಂದು ಸೆಕೆಂಡು. ಎಸ್ಕೇಪ್ ಒತ್ತಿ ಮೆನು ಮುಚ್ಚುವುದನ್ನು ಕಾಯುತ್ತ ಕೂತವರಿಗೆ ಈ ಒಂದು ಸೆಕೆಂಡು ಚೆನ್ನಾಗಿ ಗೊತ್ತು. ಅವಧಿ ಕಡಿಮೆ ಮಾಡಿದರೆ ನಿಧಾನ ನೆಟ್‌ವರ್ಕಿನಲ್ಲಿ ಬಾಣದ ಕೀ ಒಡೆದು, ಎಸ್ಕೇಪ್ ಒಂದು ಕಡೆ, ಉಳಿದೆರಡು ಅಕ್ಷರ ಪಠ್ಯದೊಳಗೆ ಬೀಳುತ್ತವೆ. ಒತ್ತಿದ ಕೀ ಯಾವುದು ಎಂದು ತಿಳಿಯಲು ಗಡಿಯಾರ ನೋಡಬೇಕಾದ ವ್ಯವಸ್ಥೆಯನ್ನು ಸರಳ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಮೌಸ್ ಇದೇ ಹರಿವಿಗೆ ಬಂದದ್ದು ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ಮೂಲಕ. ಕ್ಲಿಕ್ ಆದರೆ 27, ಚೌಕ ಆವರಣ, ಎಂ, ಆಮೇಲೆ ಮೂರು ಬೈಟು: ಬಟನ್, ಕಾಲಂ, ಸಾಲು. ನಿಯಂತ್ರಣದ ಅಕ್ಷರಗಳ ಜೊತೆ ಗೊಂದಲವಾಗದಿರಲಿ ಎಂದು ಪ್ರತಿ ಸಂಖ್ಯೆಗೂ 32 ಕೂಡಿಸಿ ಕಳಿಸುತ್ತಿದ್ದರು. ಬೈಟಿಗೆ 255 ಮೇಲ್ಮಿತಿ, ಅದರಲ್ಲಿ 32 ಹೋಯಿತು, ಉಳಿದದ್ದು 223. ಅಗಲದ ಮಾನಿಟರಿನಲ್ಲಿ ಸಣ್ಣ ಅಕ್ಷರ ಇಟ್ಟುಕೊಂಡವರು 223ನೇ ಕಾಲಂ ದಾಟಿ ಕ್ಲಿಕ್ಕಿಸಿದರೆ ಹೇಳಲು ಅಂಕಿಯೇ ಇಲ್ಲ. ಬಟನ್ ಬಿಟ್ಟಾಗ ‘ಯಾವುದೋ ಒಂದನ್ನು ಬಿಟ್ಟರು’ ಎಂಬಷ್ಟೇ ಸುದ್ದಿ, ಯಾವುದನ್ನು ಎಂದಿಲ್ಲ. ಇದನ್ನು ಸರಿಪಡಿಸಲು 1005 ಎಂಬ ಮೋಡ್ ಬಂತು, 1015 ಬಂತು, ಕೊನೆಗೆ ಸರಿಯಾಗಿ ಕೆಲಸ ಮಾಡುವ 1006 ಬಂತು. ಅದರಲ್ಲಿ ಸಂಖ್ಯೆಗಳನ್ನು ಸಂಖ್ಯೆಗಳಾಗಿಯೇ ಬರೆದು, ಒತ್ತಿದ್ದಕ್ಕೆ ದೊಡ್ಡ ಎಂ, ಬಿಟ್ಟದ್ದಕ್ಕೆ ಚಿಕ್ಕ ಎಂ ಹಾಕುತ್ತಾರೆ. ಮೌಸ್ ಸುದ್ದಿ ಕೇಳುವ ಮೋಡ್ ಆನ್ ಮಾಡಿದ ಮೇಲೆ, ಅದು ಬರುವ ರೂಪಕ್ಕೆ ಹೊಸದಾಗಿ ಬರೆಯುವವರು ಈ ಮೂರರಲ್ಲಿ 1006 ಒಂದನ್ನೇ ಹಿಡಿದರೆ ಸಾಕು.

ಮೌಸ್ ಚಲನೆಯನ್ನೆಲ್ಲ ಕೇಳಿಕೊಂಡ ಪ್ರೋಗ್ರಾಂ ಅರ್ಧಕ್ಕೆ ಸತ್ತರೆ ಏನಾಗುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಬೇಕು. ಶೆಲ್ ವಾಪಸು ಬಂದಿದೆ, ಪ್ರಾಂಪ್ಟ್ ಕಾಣುತ್ತಿದೆ. ಆದರೆ ಟರ್ಮಿನಲ್‌ಗೆ ‘ಇನ್ನು ಸಾಕು’ ಎಂದು ಯಾರೂ ಹೇಳಿಲ್ಲ. ಮೌಸ್ ಸ್ವಲ್ಪ ಅಲುಗಿದರೂ ಪ್ರಾಂಪ್ಟಿನ ಮೇಲೆ 35;60;12, 35;61;12, 35;62;13 ಎಂಬಂಥ ಅಂಕಿಗಳು, ನಡುನಡುವೆ ದೊಡ್ಡ ಎಂ ಅಕ್ಷರ, ಇರುವೆ ಸಾಲಿನಂತೆ ಹರಿದುಬರುತ್ತವೆ. 35 ಅಂದರೆ ಯಾವ ಬಟನ್ನೂ ಒತ್ತದ ಚಲನೆ, 60 ಕಾಲಂ, 12 ಸಾಲು. ಹೊಸಬರು ಟರ್ಮಿನಲ್ ಕೆಟ್ಟಿತೆಂದು ಮುಚ್ಚಿಬಿಡುತ್ತಾರೆ. ಕುರುಡಾಗಿ ರೀಸೆಟ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸರಿಹೋಗುತ್ತದೆ ಎಂಬುದು ಅನುಭವಿಗಳಿಗೆ ಗೊತ್ತು. ಇದನ್ನೇ ತೋರಿಸಿ ‘ನೋಡಿ, ಅದಕ್ಕೇ ಕನ್ಸೋಲ್‌ಗೆ ಮೌಸ್ ಬೇಡ ಅಂದದ್ದು’ ಎನ್ನುವವರಿದ್ದಾರೆ. ದೋಷ ಮೌಸಿನದಲ್ಲ. ಇವೆಂಟನ್ನು ಅಕ್ಷರದ ವೇಷ ಹಾಕಿಸಿ ಕಳಿಸಿದ್ದರಿಂದ, ಕೇಳುವವರಿಲ್ಲದಾಗ ಅದು ಟೈಪ್ ಮಾಡಿದ ಅಕ್ಷರದಂತೆಯೇ ಬಂದು ಬಿದ್ದಿದೆ. ಪೇಸ್ಟ್ ಮಾಡಿದ್ದು ಯಾವುದು, ಬೆರಳಿನಿಂದ ಟೈಪ್ ಮಾಡಿದ್ದು ಯಾವುದು ಎಂದು ಪ್ರೋಗ್ರಾಮಿಗೆ ತಿಳಿಯದೆ ಇದ್ದದ್ದಕ್ಕೂ ಇದೇ ಕಾರಣ. ಅದಕ್ಕಾಗಿ 2004 ಎಂಬ ಇನ್ನೊಂದು ಮೋಡ್ ಸೇರಿಸಿ, ಪೇಸ್ಟ್ ಆದದ್ದರ ಹಿಂದೆ ಮುಂದೆ ಗುರುತು ಹಾಕಬೇಕಾಯಿತು.

ಇನ್ನು ವಿಂಡೋಸ್. 1993ರ ವಿಂಡೋಸ್ ಎನ್‌ಟಿಯ ಕಾಲದಿಂದ ಇರುವ ರೀಡ್‌ಕನ್ಸೋಲ್‌ಇನ್‌ಪುಟ್ ಎಂಬ ಫಂಕ್ಷನ್ ಅಕ್ಷರ ಕೊಡುವುದಿಲ್ಲ, ದಾಖಲೆ ಕೊಡುತ್ತದೆ. ಒಂದು ದಾಖಲೆ 20 ಬೈಟು. ಮೊದಲಿಗೆ ಇದು ಯಾವ ಬಗೆಯ ಇವೆಂಟ್ ಎಂಬ ಅಂಕಿ: 1 ಎಂದರೆ ಕೀ, 2 ಎಂದರೆ ಮೌಸ್, 4 ಎಂದರೆ ಪರದೆಯ ಅಳತೆ ಬದಲಾಯಿತು. ಕೀ ಆಗಿದ್ದರೆ ಒತ್ತಿದ್ದೋ ಬಿಟ್ಟದ್ದೋ, ಎಷ್ಟು ಸಲ ಪುನರಾವರ್ತನೆ, ಯಾವ ಕೀ, ಕೀಬೋರ್ಡಿನ ಸ್ಕ್ಯಾನ್ ಕೋಡ್ ಯಾವುದು, ಅದರಿಂದ ಹುಟ್ಟಿದ ಅಕ್ಷರ ಯಾವುದು, ಶಿಫ್ಟ್, ಕಂಟ್ರೋಲ್, ಆಲ್ಟ್‌ಗಳ ಸ್ಥಿತಿ ಏನು. ಟ್ಯಾಬ್ ಒತ್ತಿದರೆ ಕೀ 9, ಅಕ್ಷರ 9. ಕಂಟ್ರೋಲ್ ಜೊತೆ ಐ ಒತ್ತಿದರೆ ಕೀ 73, ಅಕ್ಷರ 9. ಎರಡು ಬೇರೆ ಸಂಗತಿಗಳು ಬೇರೆಯಾಗಿಯೇ ಬಂದಿವೆ. ಎಸ್ಕೇಪ್ ಒತ್ತಿದರೆ ಎಸ್ಕೇಪ್, ಕಾಯುವ ಮಾತೇ ಇಲ್ಲ. ಮೌಸ್ ಆಗಿದ್ದರೆ ಕಾಲಂ, ಸಾಲು, ಯಾವ್ಯಾವ ಬಟನ್ ಒತ್ತಿದೆ, ಚಲನೆಯೋ, ಎರಡು ಸಲ ಕ್ಲಿಕ್ಕೋ, ಚಕ್ರ ತಿರುಗಿದ್ದೋ ಎಲ್ಲ ಹೆಸರಿಟ್ಟು ಬರುತ್ತದೆ. ಒಂದು ಲೂಪು, ಅದರೊಳಗೆ ಒಂದು ಸ್ವಿಚ್ಚು. ಕೀಬೋರ್ಡ್ ಮತ್ತು ಮೌಸ್ ಎರಡನ್ನೂ ನಿಭಾಯಿಸುವ ಕೋಡು ಒಂದು ಪುಟ ದಾಟುವುದಿಲ್ಲ. ಇದನ್ನು ಭಾರ ಎನ್ನುವವರು 27ರಿಂದ ಶುರುವಾಗುವ ಎಸ್ಕೇಪ್ ಸರಣಿಗಳನ್ನು ಒಡೆದು ಅರ್ಥ ಮಾಡಿಕೊಳ್ಳುವ ಕೋಡನ್ನು ಒಮ್ಮೆ ಸ್ವತಃ ಬರೆದು ನೋಡಲಿ.

ವಿಂಡೋಸ್ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅಕ್ಷರಕ್ಕೆ 16 ಬಿಟ್ ಮಾತ್ರ ಇಟ್ಟದ್ದರಿಂದ ಒಂದು ಇಮೋಜಿ ಎರಡು ತುಂಡಾಗಿ ಬರುತ್ತದೆ. ವಿಂಡೋಸ್ 10ರಿಂದ ಕ್ವಿಕ್ ಎಡಿಟ್ ಎಂಬುದು ತಾನಾಗಿ ಆನ್ ಆಗಿರುತ್ತದೆ. ಅದು ಮೌಸನ್ನು ಪಠ್ಯ ಆಯ್ಕೆಗೆ ಎತ್ತಿಕೊಂಡುಬಿಡುವುದರಿಂದ ಪ್ರೋಗ್ರಾಮಿಗೆ ಕ್ಲಿಕ್ ತಲುಪುವುದೇ ಇಲ್ಲ. ಮೌಸ್ ಇನ್‌ಪುಟ್ ಆನ್ ಮಾಡಿದ್ದೇನೆ, ಆದರೂ ಏನೂ ಬರುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುವವರಿಗೆ ಕಾರಣ ಸಾಮಾನ್ಯವಾಗಿ ಇದೇ. ಎಕ್ಸ್‌ಟೆಂಡೆಡ್ ಫ್ಲ್ಯಾಗ್ಸ್ ಎಂಬ ಬಿಟ್ ಹಾಕಿ, ಕ್ವಿಕ್ ಎಡಿಟ್ ಬಿಟ್ ತೆಗೆದು ಮೋಡ್ ಹೊಂದಿಸಬೇಕು, ಹೊರಗೆ ಹೋಗುವಾಗ ಹಳೆಯ ಮೋಡ್ ವಾಪಸು ಇಡಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಈ ದಾಖಲೆಗಳು ಆ ಕಂಪ್ಯೂಟರಿನ ಒಳಗೇ ಉಳಿದವು, ತಂತಿಯ ಮೇಲೆ ಇನ್ನೊಂದು ಊರಿಗೆ ಹೋಗಲಾರವು.

ಬೈಟುಗಳ ಪಕ್ಷದವರ ಬಲವಾದ ವಾದ ಇರುವುದು ಇಲ್ಲಿಯೇ, ಅದಕ್ಕೆ ಪೂರ್ತಿ ಬೆಲೆ ಕೊಡಬೇಕು. ಬೆಂಗಳೂರಿನಲ್ಲಿ ಕೂತು ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಖಂಡದ ಸರ್ವರ್ ನೋಡಿಕೊಳ್ಳುವವರು ಲೆಕ್ಕವಿಲ್ಲದಷ್ಟಿದ್ದಾರೆ. ಅವರ ಕೀ, ಅವರ ಕ್ಲಿಕ್ ಅಲ್ಲಿಯವರೆಗೆ ಹೋಗುವುದು ಬೈಟುಗಳಾಗಿಯೇ. ವಿಂಡೋಸ್ ಕನ್ಸೋಲನ್ನು ದೂರದಿಂದ ಬಳಸಲು ಬಹುಕಾಲ ಮರೆಯಲ್ಲೊಂದು ಕನ್ಸೋಲ್ ತೆರೆದು, ಅದರ ಪರದೆಯನ್ನು ಪದೇ ಪದೇ ಓದುವ ಅಡ್ಡದಾರಿ ಹಿಡಿಯಬೇಕಾಗಿತ್ತು. 2018ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ತಾನೇ ಕಾನ್‌ಪಿಟಿವೈ ಎಂಬ ವ್ಯವಸ್ಥೆ ತಂದು ಬೈಟುಗಳ ದಾರಿಗೆ ಬಂತು. ನೋಡಿ, ಸೋಲೊಪ್ಪಿಕೊಂಡರು ಎಂದು ಆಗ ಕೇಳಿಬಂತು.

ಆಮೇಲೆ ನಡೆದದ್ದನ್ನು ಆ ಮಾತಾಡಿದವರು ಗಮನಿಸಲಿಲ್ಲ. ಬೈಟುಗಳ ದಾರಿಯಲ್ಲಿ ವಿಂಡೋಸ್ ಪ್ರೋಗ್ರಾಮುಗಳಿಗೆ ಅಷ್ಟು ದಿನ ಸಿಗುತ್ತಿದ್ದ ಕೀಗಳು ಸಿಗದೇ ಹೋದವು. ಶಿಫ್ಟ್ ಜೊತೆಗಿನ ಎಂಟರ್ ಬರೀ ಎಂಟರ್ ಆಯಿತು, ಕೀ ಬಿಟ್ಟ ಸುದ್ದಿ ಬರುವುದೇ ನಿಂತಿತು. ಆಗ ವಿಂಡೋಸ್ ಟರ್ಮಿನಲ್ ತಂಡದವರು 9001 ಎಂಬ ಹೊಸ ಮೋಡ್ ಮಾಡಿದರು. ಅದು ಆನ್ ಆದರೆ ಪ್ರತಿ ಕೀ ಒತ್ತಿಗೂ ಬಿಡುಗಡೆಗೂ ಆರು ಸಂಖ್ಯೆಗಳ ಒಂದು ಸರಣಿ ಹೊರಡುತ್ತದೆ: ಕೀ, ಸ್ಕ್ಯಾನ್ ಕೋಡ್, ಅಕ್ಷರ, ಒತ್ತಿದ್ದೋ ಬಿಟ್ಟದ್ದೋ, ಶಿಫ್ಟ್ ಕಂಟ್ರೋಲ್‌ಗಳ ಸ್ಥಿತಿ, ಪುನರಾವರ್ತನೆ. 1993ರ ದಾಖಲೆಯ ಆರೂ ಅಂಗಗಳು ಇಲ್ಲಿವೆ, ಈ ಸಲ ತಂತಿಯ ಮೇಲೆ ಹೋಗುವ ರೂಪದಲ್ಲಿ. ಅತ್ತ ಯುನಿಕ್ಸ್ ಕಡೆಯಲ್ಲಿ ಕಿಟ್ಟಿ ಟರ್ಮಿನಲ್ ಬರೆದ ಕೋವಿದ್ ಗೋಯಲ್ ರೂಪಿಸಿದ ಕೀಬೋರ್ಡ್ ಪ್ರೋಟೊಕಾಲ್ ಬಂತು. ಯಾವ ಕೀ, ಜೊತೆಗೆ ಏನೇನು ಒತ್ತಿದೆ, ಒತ್ತಿದ್ದೋ ಹಿಡಿದದ್ದೋ ಬಿಟ್ಟದ್ದೋ, ಅದರಿಂದ ಹುಟ್ಟಿದ ಪಠ್ಯ ಯಾವುದು ಎಲ್ಲವನ್ನೂ ಅದು ಬೇರೆಬೇರೆಯಾಗಿ ಹೇಳುತ್ತದೆ. ಫುಟ್, ವೆಜ್‌ಟರ್ಮ್, ಅಲಾಕ್ರಿಟ್ಟಿ, ಘೋಸ್ಟಿ ಮುಂತಾದ ಟರ್ಮಿನಲ್‌ಗಳು ಅದನ್ನು ಒಪ್ಪಿಕೊಂಡಿವೆ, ನಿಯೋವಿಮ್, ಫಿಶ್‌ನಂಥ ಪ್ರೋಗ್ರಾಮುಗಳು ಬಳಸುತ್ತಿವೆ. ಎರಡು ಕಡೆಯವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿದ್ದಾರೆ. ಬೈಟು ಸಾಗಿಸುವ ವಾಹನ ಮಾತ್ರ, ಅದರೊಳಗೆ ಇವೆಂಟ್ ಹಾಕಿ ಕಳಿಸಬಹುದು. ಸಾಗಿಸುವ ಬಗೆಯನ್ನೇ ಇನ್‌ಪುಟ್‌ನ ಸ್ವರೂಪ ಎಂದು ತಿಳಿದದ್ದರಿಂದ ಇಷ್ಟು ದಶಕ ಕಷ್ಟಪಟ್ಟೆವು.

ಕನ್ನಡದವರಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡ್ ವಿನ್ಯಾಸ ಆನ್ ಮಾಡಿಕೊಂಡು ವಿಮ್ ಎಂಬ ಎಡಿಟರಿನಲ್ಲಿ ಒಂದು ಕನ್ನಡ ಫೈಲ್ ತಿದ್ದುತ್ತಿದ್ದೀರಿ ಎನ್ನಿ. ಒಂದು ವಾಕ್ಯ ಮುಗಿಯಿತು, ಎಸ್ಕೇಪ್ ಒತ್ತಿದಿರಿ, ಕೆಳಗಿನ ಸಾಲಿಗೆ ಇಳಿಯಲು ಜೆ ಒತ್ತಿದಿರಿ. ವಿಮ್‌ಗೆ ತಲುಪುವುದು ಜೆ ಅಲ್ಲ, 224, 178, 176 ಎಂಬ ಮೂರು ಬೈಟು, ಅಂದರೆ ‘ರ’. ಮೇಲೆ ಹೋಗಲು ಕೆ ಒತ್ತಿದರೆ ‘ಕ’. ಈ ಅಕ್ಷರಗಳಿಗೆ ವಿಮ್‌ನಲ್ಲಿ ಆಜ್ಞೆಯಿಲ್ಲ, ಕರ್ಸರ್ ನಿಂತಲ್ಲೇ ನಿಲ್ಲುತ್ತದೆ. ಪ್ರತಿ ಸಲ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿ ಮತ್ತೆ ಕನ್ನಡಕ್ಕೆ ಬರಬೇಕು. ವಿಮ್‌ನಲ್ಲಿ ಲ್ಯಾಂಗ್‌ಮ್ಯಾಪ್ ಎಂಬ ಸೆಟ್ಟಿಂಗ್ ಇದೆ, ಬಂದ ಅಕ್ಷರ ನೋಡಿ ಒತ್ತಿದ ಕೀ ಯಾವುದಿರಬಹುದು ಎಂದು ಹಿಂದಕ್ಕೆ ಊಹಿಸುವ ಪಟ್ಟಿ ಅದು. ಕೀ ಯಾವುದು ಎಂಬ ಮಾಹಿತಿ ಕೀಬೋರ್ಡಿನಿಂದ ಹೊರಟಾಗ ಇತ್ತು, ದಾರಿಯಲ್ಲಿ ಎಸೆದರು, ಕೊನೆಯಲ್ಲಿ ಬಳಕೆದಾರ ಕೈಯಾರೆ ಪಟ್ಟಿ ಬರೆದು ತುಂಬಿಕೊಡಬೇಕು. ವಿಂಡೋಸ್‌ನ ದಾಖಲೆಯಲ್ಲಿ ಇದೇ ಒತ್ತು ಹೀಗೆ ಬರುತ್ತದೆ: ಕೀ 74, ಅಕ್ಷರ 3248. 74 ಎಂದರೆ ಜೆ, 3248 ಎಂದರೆ ‘ರ’. ಪಠ್ಯ ಬರೆಯುತ್ತಿದ್ದರೆ ಎರಡನೆಯದನ್ನು ತೆಗೆದುಕೊಳ್ಳಿ, ಆಜ್ಞೆ ಕೊಡುತ್ತಿದ್ದರೆ ಮೊದಲನೆಯದನ್ನು. ಕಿಟ್ಟಿಯ ಪ್ರೋಟೊಕಾಲ್‌ನಲ್ಲೂ ಮೂಲ ವಿನ್ಯಾಸದ ಕೀ ಯಾವುದು ಎಂದು ಹೇಳಲು ಬೇರೆ ಜಾಗವಿದೆ. ಇಂಗ್ಲಿಷಿನಲ್ಲಿ ಕೀ ಮತ್ತು ಅಕ್ಷರ ಸರಿಸುಮಾರು ಒಂದೇ ಆಗಿರುವುದರಿಂದ ಈ ಎರಡನ್ನೂ ಒಂದೇ ಎಂದುಕೊಂಡವರಿಗೆ ಹೆಚ್ಚು ತೊಂದರೆಯಾಗಲಿಲ್ಲ. ತೊಂದರೆ ಅನುಭವಿಸಿದವರು ಕನ್ನಡ, ರಷ್ಯನ್, ಗ್ರೀಕ್ ಟೈಪ್ ಮಾಡುವವರು.

ಮೌಸಿನ ವಿಚಾರದಲ್ಲೂ ಕನ್ನಡ ಒಂದು ಸತ್ಯ ಹೊರಗೆಳೆಯುತ್ತದೆ. ಟರ್ಮಿನಲ್ ಪರದೆಯನ್ನು ಒಂದೊಂದು ಅಕ್ಷರದ ಮನೆಗಳಾಗಿ ಎಣಿಸಿ, ‘ಇಷ್ಟನೇ ಮನೆಯಲ್ಲಿ ಕ್ಲಿಕ್ ಆಯಿತು’ ಎಂದಷ್ಟೇ ಹೇಳುತ್ತದೆ. ಆ ಮನೆಯಲ್ಲಿ ಯಾವ ಅಕ್ಷರವಿದೆ ಎಂಬುದನ್ನು ಪ್ರೋಗ್ರಾಂ ಲೆಕ್ಕ ಹಾಕಬೇಕು. ‘ಅಕ್ಷಯ’ ಎಂಬ ಪದ ತೆಗೆದುಕೊಳ್ಳಿ. ಒಳಗಿರುವುದು ಅ, ಕ, ಅರ್ಧಾಕ್ಷರದ ಚಿಹ್ನೆ, ಷ, ಯ. ಒಂದೊಂದನ್ನೂ ಬಿಡಿಯಾಗಿ ಎಣಿಸಿ ಚಿಹ್ನೆಗೆ ಸೊನ್ನೆ ಕೊಟ್ಟರೆ ನಾಲ್ಕು ಮನೆ. ‘ಕ್ಷ’ವನ್ನು ಕಣ್ಣಿಗೆ ಕಾಣುವಂತೆ ಒಂದಾಗಿ ಎಣಿಸಿದರೆ ಮೂರು. ‘ಕಾ’ದ ದೀರ್ಘಕ್ಕೆ, ಯಾವ ಅಕ್ಷರಕ್ಕೆ ಎಷ್ಟು ಮನೆ ಎಂದು ಹೇಳುವ ಕೆಲವು ಪಟ್ಟಿಗಳು ಒಂದು ಮನೆ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಟರ್ಮಿನಲ್‌ನ ಪಟ್ಟಿ ಒಂದು, ಪ್ರೋಗ್ರಾಮಿನ ಪಟ್ಟಿ ಇನ್ನೊಂದು ಆದರೆ ‘ಯ’ದ ಮೇಲೆ ಕ್ಲಿಕ್ಕಿಸಿದ್ದು ‘ಕ್ಷ’ದ ಮೇಲೆ ಬೀಳುತ್ತದೆ. ಉದ್ದದ ಸಾಲಿನಲ್ಲಿ ಈ ವ್ಯತ್ಯಾಸ ಕೂಡುತ್ತ ಕೂಡುತ್ತ ಹತ್ತು ಹನ್ನೆರಡು ಮನೆ ಆಚೆಗೆ ಹೋಗುತ್ತದೆ. ಇದನ್ನು ಕಂಡು ಮೌಸ್ ಕೈಬಿಟ್ಟರೆ ಉಪಯೋಗವಿಲ್ಲ, ಬಾಣದ ಕೀಯಿಂದ ಕರ್ಸರ್ ಸರಿಸಿದರೂ ಅದೇ ತಪ್ಪು ಆಗುತ್ತಿರುತ್ತದೆ, ಕಣ್ಣಿಗೆ ಬೀಳುವುದು ತಡವಾಗುತ್ತದೆ ಅಷ್ಟೆ. ಮೈಕ್ರೋಸಾಫ್ಟಿನ ಹಳೆಯ ಕನ್ಸೋಲ್ ಅಂತೂ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಬರೆಯಲೇ ಇಲ್ಲ. ಇನ್‌ಪುಟ್‌ನ ದಾಖಲೆ ಸೊಗಸಾಗಿತ್ತು, ಪರದೆ ಕನ್ನಡಕ್ಕೆ ಕುರುಡಾಗಿತ್ತು. ಎರಡನ್ನೂ ಹೇಳಿದರೇ ವಿಮರ್ಶೆ ನ್ಯಾಯವಾದದ್ದು.

ಇನ್ನೆರಡು ಆಕ್ಷೇಪಗಳಿವೆ. ಮೌಸನ್ನು ಪ್ರೋಗ್ರಾಂ ಹಿಡಿದುಕೊಂಡರೆ ಪರದೆಯಿಂದ ಪಠ್ಯ ಆಯ್ದು ಕಾಪಿ ಮಾಡಲು ಆಗುವುದಿಲ್ಲ ಎಂಬುದು ಒಂದು. ಇದು ನಿಜವಾದ ತೊಂದರೆ. ಲಾಗ್ ನೋಡುತ್ತ ಎರರ್ ಸಾಲನ್ನು ಎತ್ತಿಕೊಳ್ಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಎಕ್ಸ್‌ಟರ್ಮ್ ಮತ್ತು ಅದನ್ನು ಅನುಸರಿಸುವ ಟರ್ಮಿನಲ್‌ಗಳಲ್ಲಿ ಶಿಫ್ಟ್ ಹಿಡಿದು ಎಳೆದರೆ ಪ್ರೋಗ್ರಾಮನ್ನು ದಾಟಿ ಆಯ್ಕೆ ಮಾಡಬಹುದು, ಆದರೆ ಇದನ್ನು ಬಳಕೆದಾರರಿಗೆ ಯಾರೂ ಹೇಳಿರುವುದಿಲ್ಲ. ಸಹಾಯದ ಪರದೆಯಲ್ಲಿ ಒಂದು ಸಾಲು ಬರೆಯಿರಿ, ಮೌಸ್ ಆಫ್ ಮಾಡುವ ಒಂದು ಆಯ್ಕೆ ಕೊಡಿ, ಬೇಕಿಲ್ಲದಿದ್ದರೆ ಚಲನೆಯ ಸುದ್ದಿ ಕೇಳಬೇಡಿ, ಕ್ಲಿಕ್ ಮತ್ತು ಚಕ್ರ ಸಾಕು.

ಇನ್ನೊಂದು, ಕೀಬೋರ್ಡೇ ವೇಗ ಎಂಬ ಮಾತು. ಕಲಿತವರಿಗೆ ವೇಗ, ಒಪ್ಪುತ್ತೇನೆ. ಎಚ್‌ಟಾಪ್ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು ಸಿಪಿಯು ತಿನ್ನುತ್ತಿರುವ ಪ್ರೊಸೆಸ್ ಹುಡುಕುತ್ತಿರುವ, ನಿನ್ನೆಯಷ್ಟೇ ಕೆಲಸಕ್ಕೆ ಸೇರಿದವರಿಗೆ ಯಾವ ಕೀ ಒತ್ತಿದರೆ ಪಟ್ಟಿ ಹೇಗೆ ವಿಂಗಡವಾಗುತ್ತದೆ ಎಂದು ಗೊತ್ತಿರುವುದಿಲ್ಲ. ಅವರು ಕಾಲಂನ ತಲೆಯ ಮೇಲೆ ಕ್ಲಿಕ್ಕಿಸುತ್ತಾರೆ, ಪಟ್ಟಿ ವಿಂಗಡವಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಮಿಡ್‌ನೈಟ್ ಕಮಾಂಡರ್ ಎಂಬ ಫೈಲ್ ಮ್ಯಾನೇಜರಿನ ಕೆಳಸಾಲಿನ ಬಟನ್ನುಗಳನ್ನು ಕ್ಲಿಕ್ಕಿಸಿಯೂ ಒತ್ತಬಹುದು. ಬೆರಳು ನೋವಿನವರಿಗೆ, ಒಂದೇ ಕೈ ಬಳಸುವವರಿಗೆ ಮೂರು ಕೀ ಒಟ್ಟಿಗೆ ಹಿಡಿಯುವುದೇ ಕಷ್ಟ. ಅವರನ್ನು ಟರ್ಮಿನಲ್‌ನಿಂದ ಹೊರಗಿಡುವುದರಿಂದ ಕೀಬೋರ್ಡ್ ಪ್ರವೀಣರಿಗೆ ಏನೂ ಲಾಭವಿಲ್ಲ. ಮೌಸ್ ಸೇರಿಸಿದ್ದರಿಂದ ಒಂದು ಶಾರ್ಟ್‌ಕಟ್ ಕೀಯೂ ಕಡಿಮೆಯಾಗುವುದಿಲ್ಲ.

ಲ್ಯಾಬ್ ಪಠ್ಯಕ್ರಮ ಬರೆಯುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಸ್ಕ್ಯಾನ್‌ಎಫ್ ಇರಲಿ, ಅದರ ಜೊತೆಗೆ ಒಂದೇ ಒಂದು ಪ್ರಯೋಗ ಸೇರಿಸಿ: ಒತ್ತಿದ ಪ್ರತಿ ಕೀ, ಬಿಟ್ಟ ಪ್ರತಿ ಕೀ, ಮೌಸಿನ ಪ್ರತಿ ಕ್ಲಿಕ್ ಏನೆಂದು ಪರದೆಯ ಮೇಲೆ ಸಾಲುಸಾಲಾಗಿ ಅಚ್ಚು ಮಾಡುವ ಕನ್ಸೋಲ್ ಪ್ರೋಗ್ರಾಂ. ವಿಂಡೋಸ್‌ನಲ್ಲಿ ರೀಡ್‌ಕನ್ಸೋಲ್‌ಇನ್‌ಪುಟ್ ಬಳಸಿ ಬರೆಸಿ, ಲಿನಕ್ಸ್‌ನಲ್ಲಿ ಕೀಗಳಿಗೆ ಕಿಟ್ಟಿಯ ಪ್ರೋಟೊಕಾಲ್ ಒಪ್ಪುವ ಟರ್ಮಿನಲ್ ಬಳಸಿ, ಮೌಸಿಗೆ ಮೌಸ್ ಸುದ್ದಿಯ ಮೋಡ್ ಜೊತೆ 1006 ಆನ್ ಮಾಡಿ ಬರೆಸಿ. ಮುಗಿಯುವಾಗ ಟರ್ಮಿನಲನ್ನು ಮೊದಲಿದ್ದ ಸ್ಥಿತಿಗೆ ತರದಿದ್ದರೆ ಅಂಕ ಕೊಡಬೇಡಿ. ಆಮೇಲೆ ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿ ಅದೇ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಲು ಹೇಳಿ.